ಹಿಂದಿನ ಜಗಲಿಗೆ ಒಂದು ಕಂಪ್ಯೂಟರು

ನಾನು ಹುಟ್ಟಿ ಬೆಳೆದ ಬೆಟ್ಟಂಪಾಡಿಯ ಮನೆಯಲ್ಲಿ ಪ್ರತಿ ಕೋಣೆಗೂ ಒಂದು ಹೆಸರಿತ್ತು. ಚಾವಡಿ, ಉಗ್ರಾಣ, ದೇವರ ಕೋಣೆ, ಬಾಣಂತಿ ಕೋಣೆ. ದನದ ಹಟ್ಟಿಗೆ ತಾಗಿಕೊಂಡಿದ್ದ ಒಂದು ಕೋಣೆಗೆ ಮಾತ್ರ ಹೆಸರಿರಲಿಲ್ಲ. ಅದನ್ನು ‘ಅಲ್ಲಿ’ ಎನ್ನುತ್ತಿದ್ದರು. ಅಮ್ಮ ಎಲ್ಲಿ ಎಂದು ಕೇಳಿದರೆ ದೊಡ್ಡಮ್ಮ ಗಲ್ಲ ಎತ್ತಿ ತೋರಿಸಿ “ಅಲ್ಲಿ” ಎಂದಷ್ಟೇ ಹೇಳುತ್ತಿದ್ದರು. ಮುಟ್ಟಾದ ಹೆಂಗಸು ಯಾರಾದರೂ ತಿಂಗಳಿಗೆ ಮೂರು ದಿನ ಅಲ್ಲಿರಬೇಕಿತ್ತು. ಹಟ್ಟಿಯ ಕಡೆಯ ಮಣ್ಣಿನ ಗೋಡೆ ದನದ ಗಂಜಲ ಕುಡಿದು ಕುಡಿದು ಮೊಣಕಾಲಿನ ಎತ್ತರಕ್ಕೆ ಕಪ್ಪಾಗಿತ್ತು. ಕೈ ತಾಗಿದರೆ ಜಿಗುಟು. ಒಂದು ಚಾಪೆ, ಸೊಟ್ಟಗಾದ ಅಲ್ಯುಮಿನಿಯಂ ತಟ್ಟೆ, ಒಂದು ಚೊಂಬು ಅಲ್ಲಿಯ ಸಾಮಾನು; ಅವು ಎಂದೂ ಒಳಗೆ ಬರುತ್ತಿರಲಿಲ್ಲ. ದೊಡ್ಡಮ್ಮ ಬಾಗಿಲಾಚೆ ನಿಂತು ಗಂಜಿಯನ್ನು ಮೇಲಿನಿಂದ ಸುರಿಯುತ್ತಿದ್ದರು, ಅರ್ಧ ತಟ್ಟೆಗೆ, ಅರ್ಧ ಅಮ್ಮನ ಸೀರೆಗೆ. ನೊಣಗಳು ಮೊದಲು ಸೀರೆಗೆ ಬರುತ್ತಿದ್ದವು. ನಾನು ಸಣ್ಣವಳು, ಅಮ್ಮನನ್ನು ಬಿಟ್ಟಿರಲಾರದೆ ಓಡಿಹೋಗಿ ತೊಡೆಯ ಮೇಲೆ ಕೂತುಬಿಡುತ್ತಿದ್ದೆ. ಆಗ ಅಂಗಳದಿಂದ ದೊಡ್ಡಮ್ಮನ ಸ್ವರ ಬರುತ್ತಿತ್ತು.

“ಮುಟ್ಟಿದ್ಯಾ? ಅಂಗಿ ತೆಗ್ದು ಅಲ್ಲೇ ಹಾಕು. ಹಾಗೇ ಒಳಗೆ ಬಂದ್ರೆ ಕಾಲು ಮುರೀತೇನೆ.”

ಬರಿಮೈಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುವಾಗ ಗಂಡಸರು ಜಗಲಿಯಲ್ಲಿ ಕೂತು ಎಲೆ ಅಡಿಕೆ ತಿನ್ನುತ್ತಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನೋಡದೆ ಇರುವುದು ಅವರಿಗೆ ಅಭ್ಯಾಸವಾಗಿತ್ತು. ಮುಂದೆ ನನ್ನ ಸರದಿಯೂ ಬಂತು. ಬಂದದ್ದು ಏಳನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ. ಅಪ್ಪ ಶಾಲೆಗೆ ‘ಹುಷಾರಿಲ್ಲ’ ಎಂದು ಹೇಳಿಕಳಿಸಿದರು. ಪರೀಕ್ಷೆಯೂ ಮುಗಿಯಿತು, ಶಾಲೆಯೂ ಮುಗಿಯಿತು. ಆ ಕೋಣೆಯಲ್ಲಿ ಮಲಗಿದ ಮೊದಲ ಸಲ ಗೋಡೆಯ ವಾಸನೆ ನನ್ನ ಜಡೆಗೆ ಹತ್ತಿತು. ಸೀಗೆಕಾಯಿ ಹಾಕಿ ಎಷ್ಟು ತಿಕ್ಕಿದರೂ ಅನ್ನದ ತುತ್ತು ಬಾಯಿಗೆ ತರುವಾಗ ಆ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗೆ ಅಳು ಬರಲಿಲ್ಲ, ವಾಕರಿಕೆ ಬಂತು. ಮಾತು ಕಡಿಮೆಯಾದದ್ದು ಅಲ್ಲಿಂದ. ಬಾಯಿ ತೆರೆದರೆ ವಾಂತಿಯಾದೀತು ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುವ ಹುಡುಗಿಯನ್ನು ಜನ ‘ಬಹಳ ಸಂಭಾವಿತೆ’ ಎಂದರು. ಆ ಹೆಸರಿನಲ್ಲೇ ನನ್ನ ಮದುವೆಯೂ ಆಯಿತು.

ಮೊಮ್ಮಕ್ಕಳೇ, ನೀವು ನೋಡಿದ್ದು ನಾನು ಮದುವೆಯಾಗಿ ಬಂದ ಕುಂಬ್ರದ ಮನೆಯನ್ನು. ಅದು ತಾರಸಿ ಮನೆ, ನೆಲಕ್ಕೆ ಟೈಲ್ಸು, ಗೇಟಿನ ಮುಂದೆಯೇ ಬಸ್ಸು. ಅಲ್ಲಿ ಹಟ್ಟಿ ಇರಲಿಲ್ಲ, ಹಟ್ಟಿಯ ಕೋಣೆಯೂ ಇರಲಿಲ್ಲ. ಬದಲಿಗೆ ಹಿಂದಿನ ಜಗಲಿ ಇತ್ತು. ನಿಮ್ಮ ಅಜ್ಜ ತೀರಿಹೋದ ಮೇಲೆ ಮನೆಗೆ ಹಿರಿಯರು ಅವರ ಅಣ್ಣ, ಮದುವೆಯಾಗದೆ ನಮ್ಮ ಜೊತೆಗೇ ಇದ್ದ ಭಾವ. ನಿಮಗೆ ಅವರು ಜೇಬಿನಿಂದ ಕಲ್ಲುಸಕ್ಕರೆ ಕೊಡುತ್ತಿದ್ದ ದೊಡ್ಡಜ್ಜ. ಅವರು ಕೆಟ್ಟವರು ಎಂದು ನಾನು ಬರೆಯುತ್ತಿಲ್ಲ. ಅವರು ಬೆಳಿಗ್ಗೆ ಪೂಜೆ ಮಾಡಿ, ನಾನು ಮಡಿಯಲ್ಲಿ ಮಾಡಿದ ಅಡಿಗೆ ಉಂಡು, ಚಾವಡಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಅಡಿಗೆಮನೆಗೆ ಊಟದ ಹೊತ್ತಿಗೆ ಬಿಟ್ಟರೆ ಕಾಲಿಟ್ಟವರಲ್ಲ. ನಿಮ್ಮ ಅಮ್ಮ ಶೈಲಾ ಮುಟ್ಟಾದ ದಿನಗಳಲ್ಲಿ ಚಾವಡಿಗೂ ಅಡಿಗೆಮನೆಗೂ ಬರಬಾರದು, ಹಿಂದಿನ ಜಗಲಿಯಲ್ಲಿ ಇರಬೇಕು ಎಂಬುದು ಅವರ ಕಟ್ಟಳೆ. ನಿಮ್ಮ ಅಪ್ಪ ಮುರಳಿ ಅದಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಶೈಲಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಆ ದಿನಗಳಲ್ಲೂ ಹಿಂದಿನ ಬಾಗಿಲಿನಿಂದ ಹೊರಟು, ಬಸ್ಸು ಹತ್ತಿ, ಶಾಲೆಯಿಡೀ ಓಡಾಡಿ, ನೂರಾರು ಮಕ್ಕಳ ಪುಸ್ತಕ ಮುಟ್ಟಿ, ಸಂಜೆ ಪುನಃ ಹಿಂದಿನ ಬಾಗಿಲಿಗೆ ಬರುತ್ತಿದ್ದಳು. ಊರಿಗೆಲ್ಲ ಟೀಚರು, ಮನೆಗೆ ಮೈಲಿಗೆ. ಯಾರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ, ಯಾಕೆಂದರೆ ಶಾಲೆ ಮನೆಯಿಂದ ದೂರ ಇತ್ತು.

ಆಮೇಲೆ ಆ ರೋಗದ ವರ್ಷ ಬಂತು, ಶಾಲೆಗಳು ಮುಚ್ಚಿದವು, ಪಾಠ ಮನೆಯೊಳಗೆ ಬಂತು. ಶೈಲಾ ಮೊದಲು ಫೋನಿನಲ್ಲೇ ಕಲಿಸಿದಳು. ಸಕ್ಕರೆ ಡಬ್ಬಕ್ಕೆ ಫೋನನ್ನು ಒರಗಿಸಿ, ಕಾಗದದ ಮೇಲೆ ಬರೆದು ಎತ್ತಿ ತೋರಿಸುವುದು. ಮಕ್ಕಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ; ಇವಳ ಕಣ್ಣು ಉರಿದು ಕೆಂಪಾಗುತ್ತಿತ್ತು. ಅಷ್ಟರಲ್ಲಿ ಶಾಲೆಯವರು ಟೀಚರುಗಳನ್ನು ಕಡಿಮೆ ಮಾಡಲು ಶುರುಮಾಡಿದರು. ದಿನಾ ತಪ್ಪದೆ ಕ್ಲಾಸು ತೆಗೆದುಕೊಳ್ಳುವವರು, ಬೋರ್ಡಿನ ಹಾಗೆ ಬರೆದು ತೋರಿಸಬಲ್ಲವರು ಉಳಿಯುತ್ತಾರೆ, ಉಳಿದವರು ಶಾಲೆ ತೆರೆದ ಮೇಲೆ ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಶೈಲಾ ಆ ಕೆಲಸವನ್ನು ಎಷ್ಟು ಆಸೆಪಟ್ಟು ಹಿಡಿದಿದ್ದಳು ಎಂಬುದು ನನಗೆ ಗೊತ್ತು. ಪಾಠ ಮಾಡುವಾಗ ಅವಳ ಸ್ವರ ಬೇರೆಯೇ ಆಗುತ್ತಿತ್ತು. ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ. ಏಳನೆಯ ತರಗತಿಗೆ ನಿಂತುಹೋದ ನನಗೆ ಬೀಜಗಣಿತ ಅರ್ಥವಾಗದಿದ್ದರೂ ಆ ಸ್ವರ ಅರ್ಥವಾಗುತ್ತಿತ್ತು.

ಕಂಪ್ಯೂಟರು ತರುವುದೆಂದು ಮುರಳಿ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು. ಇವನು ಪುತ್ತೂರಿನ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಂದವರನ್ನೆಲ್ಲ ಕೇಳಿಕೊಂಡು ಬರುತ್ತಿದ್ದ.

“ಮಡಚುವ ಲ್ಯಾಪ್‌ಟಾಪು ಬೇಡ ಹೇಳ್ತಾರೆ ಎಲ್ರೂ. ಅದೊಂದು ಹಾಳಾದ್ರೆ ಇಡೀ ಹೋಯ್ತು. ಮೇಜಿನ ಮೇಲೆ ಇಡುದಾದ್ರೆ ಹಾಳಾದ ಭಾಗ ಮಾತ್ರ ಬದ್ಲಿಸ್ಬಹುದು. ರೇಟೂ ಕಡಿಮೆ.”

“ದೊಡ್ಡ ಪರದೆಯದ್ದೇ ತಾ,” ಎಂದರು ಭಾವ. “ಚಾವಡಿಯಲ್ಲಿ ದೇವರ ಕೋಣೆ ಬಾಗಿಲಿನ ಹತ್ರ ಪ್ಲಗ್ಗುಂಟು. ನೆಟ್ಟಿನ ಪೆಟ್ಟಿಗೆಯೂ ಅಲ್ಲೇ ಉಂಟು. ನನಗೂ ಪಂಚಾಂಗ ನೋಡ್ಲಿಕ್ಕೆ ಆಯ್ತು.”

“ಸಿಡಿಲಿಗೆ ಎಂತ ಮಾಡುದು?”

“ಸಿಡಿಲು ಬರುವಾಗ ವಯರು ತೆಗೀಲಿಕ್ಕೆ ನಾನಿದ್ದೇನಲ್ಲ ಮಾರಾಯ. ಮತ್ತೆಂತ ಕೆಲಸ ನನಗೆ?”

ಹೀಗೆ ಸಿಡಿಲಿನ ಮಾತಾಯಿತು, ಕರೆಂಟು ಹೋಗುವ ಮಾತಾಯಿತು, ಇರುವೆ ಹೋಗದಂತೆ ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡುವ ಮಾತೂ ಆಯಿತು. ಅದರ ಮೇಲೆ ಹೊದಿಸಲು ಯಾವ ಬಟ್ಟೆ ಎಂಬುದೂ ತೀರ್ಮಾನವಾಯಿತು. ಅದನ್ನು ದಿನಾ ಉಪಯೋಗಿಸಬೇಕಾದವಳು ತಿಂಗಳಿಗೆ ಮೂರು ದಿನ ಆ ಚಾವಡಿಗೆ ಕಾಲಿಡುವ ಹಾಗಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮುರಳಿಗೆ ಅದು ಹೊಳೆಯಲೇ ಇಲ್ಲ. ಭಾವನಿಗೆ ಹೊಳೆದಿತ್ತೋ ಏನೋ, ಹೊಳೆದಿದ್ದರೂ ಅದು ಗಂಡಸರು ಆಡುವ ಮಾತಲ್ಲ. ಶೈಲಾ ಎಲ್ಲರಿಗೂ ಸಾರು ಬಡಿಸುತ್ತಾ ಇದ್ದಳು. ನಾನು ಅವಳ ಮುಖ ನೋಡಿದೆ, ಅವಳು ಸೌಟು ನೋಡಿದಳು. ಪ್ರಪಂಚದ ಎಲ್ಲ ಯೋಚನೆ ಮಾಡಿ ಈ ಒಂದನ್ನು ನಾಚಿಕೆಯ ಹೆಸರಿನಲ್ಲಿ ಬಿಟ್ಟುಬಿಡುವ ಈ ಮರ್ಯಾದೆಯ ಬಗ್ಗೆ ನನಗೆ ಎಂಥ ಅಸಹ್ಯ ಬಂತೆಂದರೆ, ಬಾಯಲ್ಲಿದ್ದ ಅನ್ನವನ್ನು ನುಂಗಲು ನೀರು ಕುಡಿಯಬೇಕಾಯಿತು.

ಅಂಗಡಿಗಳನ್ನು ಅರ್ಧ ದಿನ ತೆರೆಯಲು ಬಿಟ್ಟ ಮೇಲೆ ಮುರಳಿ ಕಂಪ್ಯೂಟರು ತರಲು ಪುತ್ತೂರಿಗೆ ಹೊರಟ. ನನಗೂ ಡಾಕ್ಟರಿಗೆ ಕಣ್ಣು ತೋರಿಸಬೇಕು ಎಂದು ಹೇಳಿ ಅವನ ಬೈಕಿನ ಹಿಂದೆ ಕೂತೆ. ಕಂಪ್ಯೂಟರು ಅಂಗಡಿಯ ಹನೀಫ್ ಮುರಳಿಯ ಜೊತೆಗೆ ಓದಿದವನು. ಅಂಗಡಿಯ ಕಪಾಟುಗಳು ಖಾಲಿ ಹೊಡೆಯುತ್ತಿದ್ದವು. ಎಲ್ಲರ ಮನೆಯಲ್ಲೂ ಶಾಲೆ ಶುರುವಾದ ಕಾರಣ ಇದ್ದದ್ದೆಲ್ಲ ಮಾರಿಹೋಗಿತ್ತಂತೆ. ಮೇಜಿನ ಮೇಲಿಡುವ ದೊಡ್ಡ ಒಂದು ಸೆಟ್ಟು ಮತ್ತು ಬೂದು ಬಣ್ಣದ ಒಂದು ಲ್ಯಾಪ್‌ಟಾಪು, ಇವೆರಡು ನಮಗೆ ಕೈಗೆಟಕುವಂಥವು.

“ಗೇಮು ಗೀಮು ಆಡುದಿಲ್ಲ ಅಲ್ವಾ ನೀವು?” ಎಂದ ಹನೀಫ್. “ಮತ್ತೆ ದೊಡ್ಡ ಪ್ರೊಸೆಸರಿಗೆ ಎಂತಕ್ಕೆ ದುಡ್ಡು ಹಾಕುದು. ರ‍್ಯಾಮು ಎಂಟು ಜಿಬಿ ಇರ್ಲಿ, ಎಸ್‌ಎಸ್‌ಡಿ ಇರ್ಲಿ, ಬೇಗ ಆನ್ ಆಗ್ತದೆ. ಎರಡರಲ್ಲೂ ಅದುಂಟು. ಒಂದೇ ಕಡೆ ಇಡುದಾದ್ರೆ ದೊಡ್ಡದೇ ಒಳ್ಳೇದು ಮಾರಾಯ.”

“ಒಂದೇ ಕಡೆ,” ಎಂದ ಮುರಳಿ. “ಚಾವಡಿಯಲ್ಲಿ.”

ನಾನು ಬಾಗಿಲ ಬಳಿಯ ಸ್ಟೂಲಿನಲ್ಲಿ ಸೆರಗು ಹೊದ್ದು ಕೂತಿದ್ದೆ. ಗಂಡಸರ ಅಂಗಡಿಯಲ್ಲಿ ನಾನು ಅದುವರೆಗೆ ಬಾಯಿ ತೆರೆದದ್ದಿಲ್ಲ. ಸೀರೆ ಅಂಗಡಿಯಲ್ಲೂ ಬೆರಳು ತೋರಿಸಿಯೇ ಮುಗಿಸುವವಳು ನಾನು.

“ಎತ್ತಿಕೊಂಡು ಹೋಗ್ಲಿಕ್ಕೆ ಆಗುದು ಬೇಕು,” ಎಂದೆ.

ಮುರಳಿ ತಿರುಗಿದ. “ಎಲ್ಲಿಗೆ ಎತ್ತಿಕೊಂಡು ಹೋಗುದಮ್ಮ? ಶಾಲೆಯೇ ಇಲ್ಲ ಈಗ.”

“ಹಿಂದಿನ ಜಗಲಿಗೆ.”

“ಅಲ್ಲಿ ಎಂತ ಉಂಟು?”

“ಶೈಲಾ ಇರ್ತಾಳಲ್ಲ. ತಿಂಗಳಿಗೆ ಮೂರು ದಿನ.”

ನನ್ನ ಮಗನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅವನು ಹನೀಫನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ಕಾಲ ಬಳಿಯ ವಯರಿನ ಸುರುಳಿಯನ್ನು ನೋಡಿದ. ಹನೀಫ್ ಏನೂ ಕೇಳದೆ ಲ್ಯಾಪ್‌ಟಾಪನ್ನು ಎತ್ತಿ ಮೇಜಿನ ಮೇಲಿಟ್ಟ.

“ಜಗಲಿಯಲ್ಲಿ ಪ್ಲಗ್ಗುಂಟಾ ಅಮ್ಮ?”

“ಇಲ್ಲ.”

“ಹಾಗಾದ್ರೆ ಬ್ಯಾಟರಿ ನೋಡ್ಬೇಕು. ಇದು ಚಾರ್ಜ್ ಮಾಡಿಟ್ರೆ ಎರಡು ಕ್ಲಾಸು ಧಾರಾಳ ಬರ್ತದೆ. ಕ್ಯಾಮರಾ ಸುಮಾರು, ಆದ್ರೆ ಸ್ವರ ಒಳ್ಳೇದು. ಬರೆದು ತೋರಿಸ್ಲಿಕ್ಕೆ ಒಂದು ಹಲಗೆ ಬರ್ತದೆ, ಪೆನ್ನು ಇರ್ತದೆ ಅದಕ್ಕೆ, ಅದನ್ನು ಸಿಕ್ಕಿಸಿ ಕೊಡ್ತೇನೆ.”

ಹೀಗೆ ಕಂಪ್ಯೂಟರಿನ ಆಯ್ಕೆ ಮುಗಿಯಿತು. ಡಾಕ್ಟರಿಗೆ ಕಣ್ಣು ತೋರಿಸುವುದು ಮರೆತೇ ಹೋಯಿತು. ಈ ಕಥೆ ನಿಮಗೆ ಗೊತ್ತಿರುವುದು ‘ಅಜ್ಜಿ ಪುತ್ತೂರಿಗೆ ಹೋಗಿ ಲ್ಯಾಪ್‌ಟಾಪು ಸೆಲೆಕ್ಟ್ ಮಾಡಿದ್ದು’ ಎಂಬ ನಗೆಯ ಮಾತಾಗಿ. ನೀವು ನಗುವಾಗ ನಾನೂ ನಗುತ್ತೇನೆ. ಅದರ ಮುಂದಿನದನ್ನು ಯಾರೂ ನಿಮಗೆ ಹೇಳಿಲ್ಲ.

ಭಾವ ಬೇಸರ ಮಾಡಲಿಲ್ಲ. ಪರದೆ ಸಣ್ಣದಾಯಿತು ಎಂದರು, ಅಷ್ಟೇ. ಕಟ್ಟಳೆ ಮುರಿಯದೆ ಕೆಲಸ ಆಗುವುದಾದರೆ ಅವರಿಗೆ ಬಹಳ ಖುಷಿ. ‘ಅನುಕೂಲ ಆಯ್ತು’ ಎಂದು ಬಂದವರಿಗೆಲ್ಲ ಹೇಳಿದರು. ಆ ತಿಂಗಳು ಶೈಲಾ ಹೊರಗಾದಾಗ ಲ್ಯಾಪ್‌ಟಾಪು ಹಿಂದಿನ ಜಗಲಿಗೆ ಹೋಯಿತು. ಒಂದು ಕಡೆ ಸೌದೆ ರಾಶಿ, ಇನ್ನೊಂದು ಕಡೆ ಬಚ್ಚಲಿನ ಹೊಗೆ, ನಡುವೆ ತಲೆಕೆಳಗಾಗಿಸಿದ ಬಕೆಟಿನ ಮೇಲೆ ಮಣೆ, ಮಣೆಯ ಮೇಲೆ ಕಂಪ್ಯೂಟರು. ಬಚ್ಚಲಿನ ನೀರು ಹರಿಯುವ ಚರಂಡಿಯಿಂದ ನುಸಿ ಏಳುತ್ತಿತ್ತು. ಒಂದು ಕೈಯಲ್ಲಿ ನುಸಿ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಸಮೀಕರಣ ಬರೆಯುತ್ತಿದ್ದಳು ನಿಮ್ಮ ಅಮ್ಮ. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಯಾವುದೋ ಹುಡುಗಿಯ ಸ್ವರ ಕೇಳಿತು.

“ಮಿಸ್, ನಿಮ್ಮ ಹಿಂದೆ ಹೊಗೆ ಬರ್ತಾ ಉಂಟು. ನೀವು ಎಲ್ಲಿ ಕೂತದ್ದು?”

“ಮನೆಯಲ್ಲೇ. ಮೂರನೇ ಲೆಕ್ಕ ನೋಡಿ ಎಲ್ರೂ.”

“ನಿನ್ನೆ ದೇವರ ಫೋಟೋ ಇತ್ತಲ್ಲ ಮಿಸ್ ಹಿಂದೆ?”

“ಮೂರನೇ ಲೆಕ್ಕ,” ಎಂದಳು ಶೈಲಾ. ಆ ಬೇರೆಯೇ ಸ್ವರ ಅವಳ ಗಂಟಲಿನಿಂದ ಹೋಗಿಬಿಟ್ಟಿತ್ತು. ಅಡಿಗೆಮನೆಯಲ್ಲಿ ನನ್ನೊಡನೆ ಮಾತಾಡುವ ಸೊಸೆಯ ಸಣ್ಣ ಸ್ವರದಲ್ಲಿ ಅವಳು ಇಡೀ ತರಗತಿಯ ಜೊತೆ ಮಾತಾಡುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಭಾವ ಜಗಲಿಯನ್ನು ಶುದ್ಧ ಮಾಡಿದರು. ಚಾಪೆಗೆ, ಮಣೆಗೆ, ಬಕೆಟಿಗೆ ತುಳಸಿ ಎಲೆಯಿಂದ ಗೋಮೂತ್ರ ಚಿಮುಕಿಸುವುದು ಅವರ ಪದ್ಧತಿ. ಆ ದಿನ ಲ್ಯಾಪ್‌ಟಾಪನ್ನೂ ಮಾಡಿದರು. ಅವಳು ಮುಟ್ಟಿದ್ದು ಒಳಭಾಗವನ್ನಲ್ಲವೇ ಎಂದು ಮುಚ್ಚಳ ತೆರೆದು, ಅಕ್ಷರಗಳ ಮೇಲೆ, ಮಂತ್ರ ಹೇಳುತ್ತಾ, ಜಾಗ್ರತೆಯಿಂದ. ಜಾಗ್ರತೆಯಿಂದ ಎಂದು ಯಾಕೆ ಬರೆಯುತ್ತೇನೆಂದರೆ, ಪರದೆಗೆ ಒಂದು ಹನಿಯೂ ಬೀಳದಂತೆ ಎಡಗೈ ಅಡ್ಡ ಹಿಡಿದಿದ್ದರು. ಶೈಲಾ ಅದನ್ನು ಚಾವಡಿಗೆ ತಂದು ಹಚ್ಚಿದಳು. ಯಂತ್ರ ಬಿಸಿಯಾದಂತೆ ಒಳಗಿನಿಂದ ವಾಸನೆ ಏಳಲು ಶುರುವಾಯಿತು. ಮೊದಲು ತೆಳುವಾಗಿ, ಆಮೇಲೆ ಇಡೀ ಕೋಣೆಗೆ. ನಾನು ಹತ್ತಿಯನ್ನು ಕಡ್ಡಿಗೆ ಸುತ್ತಿ ಅಕ್ಷರಗಳ ಸಂದಿಯಲ್ಲಿ ಒರೆಸಿದೆ. ಹತ್ತಿ ಹಳದಿಯಾಗಿ ಬಂತು, ಬೆರಳಿಗೆ ಅಂಟಿತು. ಎದ್ದು ಬಚ್ಚಲಿಗೆ ಓಡಿ ಬೆರಳು ತಿಕ್ಕಿ ತಿಕ್ಕಿ ತೊಳೆದೆ. ವಾಪಸು ಬರುವಾಗ ಶೈಲಾ ‘ಎ’ ಒತ್ತಿದರೆ ಸಾಲು ತುಂಬಾ ‘ಎ’ ಬರುತ್ತಿತ್ತು. ಅದು ನಿಲ್ಲುತ್ತಲೇ ಇರಲಿಲ್ಲ. ಆ ದಿನದ ಕ್ಲಾಸು ಆಗಲಿಲ್ಲ, ಮರುದಿನದ್ದೂ ಆಗಲಿಲ್ಲ. ಶಾಲೆಯಿಂದ ಫೋನು ಬಂತು. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದರಂತೆ.

ಮುರಳಿ ಅದನ್ನು ಹನೀಫನ ಅಂಗಡಿಗೆ ಒಯ್ಯುವಾಗ ಅವನು ಕರೆಯದೆಯೇ ನಾನು ಹಿಂದೆ ಕೂತೆ. ಹನೀಫ್ ಮುಚ್ಚಳ ತೆರೆದವನು ಮುಖ ಹಿಂದಕ್ಕೆ ತೆಗೆದ.

“ಎಂತ ಚೆಲ್ಲಿದ್ದು ಇದಕ್ಕೆ?”

“ಚಾ,” ಎಂದ ಮುರಳಿ.

“ಇದೆಂಥ ಚಾ ಮಾರಾಯ, ನಿಮ್ಮಲ್ಲಿ ಕುಡಿಯುದು?”

“ಗೋಮೂತ್ರ,” ಎಂದೆ ನಾನು.

ಹನೀಫ್ ಮುಖ ಆಚೆ ತಿರುಗಿಸಿ ಸ್ಕ್ರೂಡ್ರೈವರು ಹುಡುಕಿದ. ನಗು ತಡೆಯುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು, ಪಾಪ, ತಡೆದ. “ಕೀಬೋರ್ಡು ಬದ್ಲಿಸ್ಬೇಕು ಅಮ್ಮ. ಮದರ್‌ಬೋರ್ಡಿಗೆ ಇಳೀಲಿಲ್ಲ, ಪುಣ್ಯ. ಇನ್ನೊಂದು ಸಲ ಇಳಿದ್ರೆ ನನ್ನತ್ರ ತರ್ಬೇಡಿ.”

ಮನೆಗೆ ಬಂದು ಮುರಳಿ ಭಾವನಿಗೆ ಹೇಳಿದ್ದು ಇಷ್ಟೇ: “ದೊಡ್ಡಪ್ಪ, ಇನ್ನು ಮುಚ್ಚಳ ಹಾಕಿ ಚಿಮುಕಿಸಿ.” ಭಾವ ಆಗಲಿ ಎಂದರು. ಇಬ್ಬರೂ ಸಮಸ್ಯೆ ಬಗೆಹರಿಸಿದವರ ಹಾಗೆ ಕಾಫಿ ಕುಡಿದರು. ಲೋಟ ತೊಳೆಯುವಾಗ ನನ್ನ ಮೈಯೆಲ್ಲ ಕಾದಿತ್ತು. ಗೋಡೆ ಕುಡಿದದ್ದು, ನನ್ನ ಜಡೆಗೆ ಹತ್ತಿದ್ದು, ಈಗ ಹೊಸ ಯಂತ್ರದ ಹೊಟ್ಟೆಗೂ ಹೋದದ್ದು ಒಂದೇ ವಾಸನೆ. ಅದನ್ನು ಶುದ್ಧ ಎನ್ನುತ್ತಿದ್ದರು, ಸೋಪು ಹಾಕಿ ಮಿಂದ ಹುಡುಗಿಯನ್ನು ಮೈಲಿಗೆ ಎನ್ನುತ್ತಿದ್ದರು.

ಮುಂದಿನ ತಿಂಗಳು ಶೈಲಾ ಹೊರಗಾದ ದಿನ ಮುರಳಿ ಕೆಲಸಕ್ಕೆ ಹೋಗಿದ್ದ. ನೀವಿಬ್ಬರು ಮಾಳಿಗೆಯಲ್ಲಿ ಆಡುತ್ತಿದ್ದಿರಿ. ನಾನು ಭಾವನಿಗೆ ಮಡಿಯಲ್ಲಿ ಅಡಿಗೆ ಮುಗಿಸಿದ್ದೆ: ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮಜ್ಜಿಗೆ. ಕ್ಲಾಸಿಗೆ ಹೊತ್ತಾಗಿತ್ತು. ಶೈಲಾ ಹಿಂದಿನ ಬಾಗಿಲಲ್ಲಿ ನಿಂತು, ಕಂಪ್ಯೂಟರು ಕೊಡಿ ಅತ್ತೆ ಎಂದು ಕೈ ಚಾಚದೆ ಕೇಳಿದಳು. ನೆಲದ ಮೇಲಿಟ್ಟರೆ ಅವಳು ಎತ್ತಿಕೊಳ್ಳಬೇಕು, ಅದು ಕ್ರಮ. ನಾನು ಹೋಗಿ ಅವಳ ಕೈ ಹಿಡಿದೆ. ಅವಳು ಬೆಂಕಿ ತಾಗಿದವಳ ಹಾಗೆ ಎಳೆದುಕೊಂಡಳು, ನಾನು ಬಿಡಲಿಲ್ಲ. ಹಾಗೇ ಅಡಿಗೆಮನೆಯ ಮೂಲಕ ಚಾವಡಿಗೆ ಕರೆತಂದು ಮೇಜಿನ ಮುಂದೆ ಕೂರಿಸಿದೆ. ಭಾವ ಬೆತ್ತದ ಕುರ್ಚಿಯಲ್ಲಿದ್ದರು.

“ಎಂತ ಇದು?” ಎಂದರು.

“ಕ್ಲಾಸುಂಟು ಅವಳಿಗೆ.”

“ಅವಳು ಹೊರಗೆ ಅಲ್ವಾ?”

“ನಾನೂ ಹೊರಗೇ. ಮುಟ್ಟಿದ್ದೇನೆ ನೋಡಿ.”

“ತಲೆ ಕೆಟ್ಟಿದಾ ನಿನಗೆ? ಹೋಗು, ಮಿಂದು ಬಾ. ಊಟಕ್ಕೆ ಹೊತ್ತಾಯ್ತು.”

“ಮೀಯುದಿಲ್ಲ.”

ಮದುವೆಯಾಗಿ ಬಂದಂದಿನಿಂದ ಅವರ ಎದುರು ನಾನು ಇಲ್ಲ ಎಂದದ್ದು ಅದೇ ಮೊದಲು. ಅಡಿಗೆಮನೆಗೆ ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಅವರಿಗೆ ಕಾಣುವ ಹಾಗೆ ಪಾತ್ರೆಯ ಅಂಚು ಮುಟ್ಟಿದೆ. ಹುಳಿಯ ಪಾತ್ರೆ ಮುಟ್ಟಿದೆ. ಮಜ್ಜಿಗೆ, ನೀರಿನ ಕೊಡ, ಒಲೆ, ಎಲ್ಲವನ್ನೂ ಮುಟ್ಟಿದೆ. ಇನ್ನು ಆ ಮನೆಯಲ್ಲಿ ಅವರು ಉಣ್ಣಬಹುದಾದದ್ದು ಒಂದು ಅಗುಳೂ ಇರಲಿಲ್ಲ.

“ಈ ಮನೆಯಲ್ಲಿ ಇನ್ನು ನಾನು ನೀರು ಮುಟ್ಟುದಿಲ್ಲ,” ಎಂದರು ಭಾವ. ಎದ್ದು ಮುಂದಿನ ಸಿಟೌಟಿಗೆ ಹೋಗಿ ಕೂತರು. ಶೈಲಾ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಕ್ಲಾಸು ಶುರುಮಾಡು ಎಂದೆ. ಮೊದಲು ಸ್ವರ ಸಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಯಾರೋ ತಪ್ಪು ಉತ್ತರ ಹೇಳಿದರೆಂದು ಕಾಣುತ್ತದೆ, “ಛೇದ ಸೊನ್ನೆ ಮಾಡ್ತೀರಾ? ಸೊನ್ನೆಯಿಂದ ಭಾಗಿಸ್ಲಿಕ್ಕೆ ಯಾರು ಕಲಿಸಿದ್ದು ನಿಮಗೆ?” ಎಂದು ಜೋರಾಗಿ ಗದರಿದಳು. ಆ ಕಡೆ ಮಕ್ಕಳು ನಕ್ಕದ್ದು ಕೇಳಿಸಿತು. ಬಂತು ಅವಳ ಸ್ವರ.

ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕಾದೆ. ಭಾವ ಮನೆ ಬಿಟ್ಟು ಹೋಗುತ್ತಾರೆ, ಊರಿಗೆ ಹೇಳುತ್ತಾರೆ, ಮುರಳಿ ಬಂದು ನನ್ನನ್ನು ಬೈಯುತ್ತಾನೆ ಎಂದೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೆ. ಉಪವಾಸ ಬಿದ್ದರೆ ಏನು ಮಾಡುವುದು ಎಂದು ಹೆದರಿಕೆಯೂ ಆಯಿತು. ಅಷ್ಟು ದೊಡ್ಡ ಕಟ್ಟಳೆಗೆ ಅಷ್ಟೇ ದೊಡ್ಡ ಹಟ ಇದ್ದೀತು ಎಂದುಕೊಂಡಿದ್ದೆ. ಕ್ಲಾಸು ಮುಗಿದು ಸ್ವಲ್ಪ ಹೊತ್ತಾಗಿರಬೇಕು, ಅವರ ಹೆಜ್ಜೆಯ ಸದ್ದು ಕೇಳಿತು. ಬಾಗಿಲಿಗೆ ಬಂದು ನಿಂತರು. ನನ್ನನ್ನು ನೋಡಲಿಲ್ಲ, ಒಲೆಯ ಕಡೆ ನೋಡಿದರು.

“ಹುಳಿ ತಣ್ಣಗಾಯ್ತಾ?”

“ಬಿಸಿ ಮಾಡ್ತೇನೆ. ನಾನು ಮಿಂದದ್ದಿಲ್ಲ.”

“ಬಡಿಸು,” ಎಂದು ಮಣೆ ಎಳೆದು ಕೂತರು.

ಬಡಿಸಿದೆ. ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ, ಕಣ್ಣು ಮುಚ್ಚಿ, ಎಂದಿನ ಹಾಗೇ ಶುರುಮಾಡಿದರು. ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಸೌಟು ಹಿಡಿದು ನಿಂತು ನೋಡುತ್ತಿದ್ದೆ. ಗೆದ್ದೆ ಎಂದು ಅನಿಸಬೇಕಿತ್ತು. ಶೈಲಾ ಆ ಮೇಲೆ ಎಂದೂ ಹಿಂದಿನ ಜಗಲಿಗೆ ಹೋಗಲಿಲ್ಲ, ಅವಳ ಕೆಲಸವೂ ಉಳಿಯಿತು, ಅದೆಲ್ಲ ಸರಿ. ಆದರೆ ಆ ಹೊತ್ತು ನನಗೆ ಬಂದಷ್ಟು ಹೇಸಿಗೆ ಬೆಟ್ಟಂಪಾಡಿಯ ಆ ಕೋಣೆಯಲ್ಲೂ ಬಂದಿರಲಿಲ್ಲ. ಅಮ್ಮ, ದೊಡ್ಡಮ್ಮ, ನಾನು, ನಮ್ಮ ಇಡೀ ಆಯುಸ್ಸನ್ನು ಹಟ್ಟಿಯ ಬದಿಯಲ್ಲಿ ಕೂರಿಸಿದ್ದ ಧರ್ಮಕ್ಕೆ ಒಂದು ಹೊತ್ತಿನ ಹಸಿವನ್ನು ತಡೆಯುವ ಶಕ್ತಿಯೂ ಇರಲಿಲ್ಲ. ಇಷ್ಟೇ ಇತ್ತು ಅದು. ಯಾರಾದರೂ ಒಮ್ಮೆ ಪಾತ್ರೆ ಮುಟ್ಟಿದ್ದರೆ ಸಾಕಿತ್ತು.

ಭಾವ ಬೆರಳು ನೆಕ್ಕಿ ಎಲೆಯನ್ನು ಮುಂದಕ್ಕೆ ಸರಿಸಿದರು.

“ಮಜ್ಜಿಗೆ ಇನ್ನು ಸ್ವಲ್ಪ ಹಾಕು,” ಎಂದರು.